ಹಂಸಭಾವಿಯ ಕಾರ್ ಕಾಕಾ

ಕಾರು ಕೊಂಡವನ ಬಗ್ಗೆ ಊರು ಒಂದು ವಾರ ಮಾತಾಡುತ್ತದೆ. ಕೊಳ್ಳಲಿರುವವನ ಬಗ್ಗೆ ವರ್ಷಗಟ್ಟಲೆ ಮಾತಾಡುತ್ತದೆ. ಹಿರೇಕೆರೂರು ಸೀಮೆಯಲ್ಲಿ ಈ ಗುಟ್ಟನ್ನು ಮೊದಲು ಕಂಡುಕೊಂಡವರು ಹಂಸಭಾವಿಯ ಕಾರ್ ಕಾಕಾ. ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಬೇರೆಯೇ ಇದೆ. ಅದು ಈಗ ಪಹಣಿಯಲ್ಲಿ ಮಾತ್ರ ಉಳಿದಿದೆ.

ಇಂಥ ಕಾಕಾಗಳು ಹಾನಗಲ್ಲಿನಲ್ಲೂ ಇದ್ದಾರೆ, ಸವಣೂರು, ಶಿಗ್ಗಾವಿಗಳಲ್ಲೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಮೊಬೈಲು, ಅಡಿಕೆ ತೋಟ, ಗೋವಿನಜೋಳದ ದಲಾಲಿ, ಮನೆಯ ಮುಂದೆ ಹಳೆಯ ಬೊಲೆರೊ. ಕೈಯಲ್ಲಿ ದುಡ್ಡು ಖರೇನೇ ಇದೆ, ಅದನ್ನು ಯಾರೂ ಅನುಮಾನಿಸಬೇಕಿಲ್ಲ. ದುಡ್ಡಿಲ್ಲದವನು ಇಷ್ಟು ಯೋಚನೆ ಮಾಡುವುದಿಲ್ಲ. ಸಾಲ ತೆಗೆದು ಕೊಂಡುಬಿಡುತ್ತಾನೆ.

ಕಾಕಾರ ಪ್ರಶ್ನೆ ಒಂದೇ. “ದೊಡ್ಡ ಗಾಡಿ ತರೂದು ಪಕ್ಕಾ. ಕರೆಂಟಿಂದ ತರ್ಲ್ಯೋ, ಡೀಸೆಲ್ಲಿಂದ ತರ್ಲ್ಯೋ?” ಅವರ ಮನಸ್ಸಿನಲ್ಲಿ ಎರಡು ಮರ್ಸಿಡಿಸ್ ಕುಳಿತಿವೆ. ಒಂದು ಜಿಎಲ್‌ಎಸ್ 450ಡಿ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು, 2024ರ ಜನವರಿಯಲ್ಲಿ ಪೇಟೆಗೆ ಬಂದಾಗ ಬೆಲೆ 1.37 ಕೋಟಿ. ಇನ್ನೊಂದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಇಕ್ಯೂಎಸ್ ಎಸ್‌ಯುವಿ. ಆಗಿನ ಬೆಲೆ 1.41 ಕೋಟಿ, 122 ಯೂನಿಟ್ ಹಿಡಿಸುವ ಬ್ಯಾಟರಿ, ಒಮ್ಮೆ ತುಂಬಿಸಿದರೆ ಕಾಗದದ ಮೇಲೆ 809 ಕಿಲೋಮೀಟರ್. ಎರಡೂ ಹದಿನೇಳು ಅಡಿಯ ಆಜುಬಾಜು ಉದ್ದ. ಕಾಕಾರ ಓಣಿಯ ತಿರುವಿನಲ್ಲಿ ಚಕ್ಕಡಿಯೇ ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ. ಆ ವಿಷಯ ಇನ್ನೂ ಚರ್ಚೆಗೆ ಬಂದಿಲ್ಲ.

ಕಾಕಾ ಬೆಲೆಯನ್ನು ರೂಪಾಯಿಯಲ್ಲಿ ಹೇಳುವವರಲ್ಲ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಹಿಡಿದು, ಕರೆಂಟಿನ ಗಾಡಿ ಅಂದರೆ 5,875 ಕ್ವಿಂಟಲ್ ಗೋವಿನಜೋಳ ಎನ್ನುತ್ತಾರೆ. “ಆ ರೇಟು ಕೊಡಾವ್ರು ಎಲ್ಲಿ ಅದಾರ್ರಿ ಕಾಕಾ?” ಎಂದು ಯಾವನಾದರೂ ರೈತ ಕೇಳಿದರೆ, ದಲಾಲಿಯೂ ಆದ ಕಾಕಾ ತಕ್ಷಣ ಡೀಸೆಲ್ ವಿಷಯಕ್ಕೆ ಬರುತ್ತಾರೆ.

ಮೃತ್ಯುಂಜಯ ವಿದ್ಯಾಪೀಠದ ದೆಸೆಯಿಂದ ಹಂಸಭಾವಿಯಲ್ಲಿ ಓದಿದವರಿಗೆ ಬರವಿಲ್ಲ. ಹಾಗಾಗಿ ಚಹಾದಂಗಡಿಯ ಬೆಂಚಿನ ಮೇಲೆ ಸಲಹೆಗೂ ಬರವಿಲ್ಲ. ಕರೆಂಟಿನ ಪರ ವಕೀಲರು ನಿವೃತ್ತ ವಿಜ್ಞಾನ ಮಾಸ್ತರು.

“2001ರಾಗ ನಮ್ಮ ಬೆಂಗಳೂರಾಗ ರೇವಾ ಅಂತ ಕರೆಂಟಿನ ಕಾರು ಬಂದಿತ್ರಿ. ಹೊಸಾದೇನಲ್ಲ ಇದು.”

“ನೋಡೇನ್ರಿ ಮಾಸ್ತರ. ಅದರಾಗ ನನ್ನ ಅರ್ಧಾನ ಕುಂದ್ರತಿತ್ತು.”

ಕಾಕಾರಿಗೆ ಕರೆಂಟಿನಲ್ಲಿ ಕಂಡ ಮೊದಲ ಗುಣ ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ ಅಂದಮೇಲೆ 122 ಯೂನಿಟ್ಟಿನ ಬ್ಯಾಟರಿ ಒಂದೂವರೆ ಸಲ ತುಂಬಿ ಇನ್ನೂ ಉಳಿಯುತ್ತದೆ. ಒಂದೂವರೆ ಕೋಟಿಯ ಗಾಡಿ ಸರ್ಕಾರದ ಖರ್ಚಿನಲ್ಲಿ ಧರ್ಮಸ್ಥಳ ಮುಟ್ಟುವ ಈ ದೃಶ್ಯಕ್ಕೆ ಕಾಕಾರ ಕಣ್ಣು ತುಂಬಿ ಬಂದಿತ್ತು. ಪುಕ್ಕಟೆಯ ಪಾಲು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಲ್ಲುತ್ತದೆ, 200 ದಾಟಿದರೆ ಪೂರಾ ಬಿಲ್ಲು ಕಟ್ಟಬೇಕು ಎಂದು ಮಾಸ್ತರು ಬಿಡಿಸಿ ಹೇಳಿದಾಗ ಕಣ್ಣು ಒಣಗಿತು.

ಎರಡನೆಯ ಯೋಜನೆ ತೋಟದ ಪಂಪ್‌ಸೆಟ್. ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ, ಅದೂ ತ್ರೀ ಫೇಸು. ಗಾಡಿಯನ್ನು ತೋಟಕ್ಕೆ ಒಯ್ದು ಕಟ್ಟಿಹಾಕಿದರಾಯಿತು. ಲೈನ್‌ಮನ್ ಕೈಮುಗಿದ. “ಅದರಾಗ ಗಾಡಿ ಹಚ್ಚಿದ್ರ ನಿಮ್ಮ ಮ್ಯಾಲೆ ಕೇಸು, ನನ್ನ ನೌಕರಿ ಮ್ಯಾಲೆ ಮಣ್ಣು.” ಕೇಸಿನ ಮಾತು ಬದಿಗಿರಲಿ, ಲೆಕ್ಕವೂ ಕೂಡುವುದಿಲ್ಲ. ಹತ್ತು ಎಚ್‌ಪಿ ಅಂದರೆ ಏಳೂವರೆ ಕಿಲೋವ್ಯಾಟ್; ಪಂಪ್‌ಸೆಟ್ಟಿಗೆ ತ್ರೀ ಫೇಸ್ ಸಿಗುವುದು ಏಳು ತಾಸು; ಗುಣಿಸಿದರೆ 52 ಚಿಲ್ಲರೆ ಯೂನಿಟ್. ಬ್ಯಾಟರಿ ಅರ್ಧವೂ ತುಂಬದು. ಮನೆಗೆ 11 ಕಿಲೋವ್ಯಾಟಿನ ಚಾರ್ಜರ್ ಕೂರಿಸಿದರೂ ಪೂರ್ತಿ ತುಂಬಲು ಹನ್ನೊಂದು ತಾಸಿನ ಮೇಲೆ ಬೇಕು.

ಈ ಹನ್ನೊಂದು ತಾಸಿನ ವಿಷಯ ಅಡುಗೆಮನೆಗೂ ಮುಟ್ಟಿತು. ಕಾಕು ಒಳಗಿನಿಂದಲೇ ತೀರ್ಪು ಕೊಟ್ಟರು. “ಬಚ್ಚಲದಾಗ ಗೀಸರ್ ಹಚ್ಚಿದ್ರ ಫ್ಯೂಸ್ ಹಾರತೈತಿ. ಆ ಆನಿಗೆ ಏನ್ ಕುಡಸ್ತೀರಿ?”

ಮರುದಿನದಿಂದ ಕಾಕಾ ಡೀಸೆಲ್ ಪಕ್ಷ. ಡೀಸೆಲ್ಲಿನ ಪರ ವಕೀಲ ಟ್ರ್ಯಾಕ್ಟರ್ ಗ್ಯಾರೇಜಿನ ಮೇಸ್ತ್ರಿ. ಬಂಕಿನಲ್ಲಿ ಐದು ನಿಮಿಷದ ಕೆಲಸ, ಘಟ್ಟ ಹತ್ತುವಾಗ 750 ನ್ಯೂಟನ್ ಮೀಟರಿನ ಎಳೆತ, ಎಲ್ಲ ಸರಿ. ಆದರೆ ಮೇಸ್ತ್ರಿ ಮಾತಿನ ಭರದಲ್ಲಿ ಯೂರಿಯಾ ಎಂದುಬಿಟ್ಟ. 2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂದಮೇಲೆ ಇಂಥ ದೊಡ್ಡ ಡೀಸೆಲ್ ಗಾಡಿಗಳ ಹೊಗೆ ತೊಳೆಯಲು ಬೇರೊಂದು ಟ್ಯಾಂಕಿನಲ್ಲಿ ಆಡ್‌ಬ್ಲೂ ಹಾಕಬೇಕು. ಅದರಲ್ಲಿರುವುದು ಶೇ 32.5 ಯೂರಿಯಾ, ಮಿಕ್ಕಿದ್ದು ಶುದ್ಧ ನೀರು.

ಕಾಕಾ ಎದ್ದು ನಿಂತರು. “ಹೊಲಕ್ಕ ಸಿಗವಲ್ದು, ಗಾಡಿಗೂ ಯೂರಿಯಾ? ಗಾಡಿ ಹೆಸರಲೆ ಆಧಾರ್ ಕಾರ್ಡ್ ಮಾಡಿಸಿ ಸೊಸೈಟಿ ಮುಂದ ಪಾಳಿ ಹಚ್ಚಲೇನು?”

ಅದು ಬೇರೆ, ಬಂಕಿನಲ್ಲೇ ಡಬ್ಬಿಯಲ್ಲಿ ಸಿಗುತ್ತದೆ ಎಂದರೂ ಅವರ ಮನಸ್ಸು ಕಹಿಯಾಯಿತು. ಅದರ ಮೇಲೆ ದಿಲ್ಲಿಯ ಚಿಂತೆ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಆದೇಶ ಮಾಡಿತ್ತು. ಕಾಕಾ ಉತ್ತರಕ್ಕೆ ಹೋದದ್ದೆಂದರೆ ಪಂಢರಪುರದವರೆಗೆ. ಆದರೂ “ಅಕಸ್ಮಾತ್ ದಿಲ್ಲಿಗೆ ಹೋಗೂ ಪ್ರಸಂಗ ಬಂದ್ರ?” ಎನ್ನುವ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸಿತು.

ತೆರಿಗೆ ಬದಲಾದಾಗಲೆಲ್ಲ ಕಾಕಾರಿಗೆ ಹಬ್ಬ. ಕರ್ನಾಟಕದಲ್ಲಿ ಮೊದಲು ಕರೆಂಟಿನ ಗಾಡಿಗೆ ರಸ್ತೆ ತೆರಿಗೆಯೇ ಇರಲಿಲ್ಲ. 2024ರಲ್ಲಿ 25 ಲಕ್ಷ ಮೀರಿದ ಗಾಡಿಗಳಿಗೆ ಶೇ 10ರ ಜೀವಿತಾವಧಿ ತೆರಿಗೆ ಬಂತು. “ನೋಡಿದ್ರಿ, ಗಡಿಬಿಡಿ ಮಾಡಲಿಲ್ಲ ಅಂತ ಪಾರಾದೆ” ಎಂದು ಕಾಕಾ ಬೀಗಿದರು. ಮೊದಲೇ ಅಂಥದ್ದೊಂದು ತಂದಿದ್ದರೆ ಆ ತೆರಿಗೆ ಉಳಿಯುತ್ತಿತ್ತಲ್ಲ ಎಂದು ಮಾಸ್ತರು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಡೀಸೆಲ್ ಗಾಡಿಯ ಜಿಎಸ್‌ಟಿ ಸೆಸ್ಸು ಸೇರಿ ಇದ್ದ ಶೇ 50ರಿಂದ 40ಕ್ಕೆ ಇಳಿಯಿತು; ಕರೆಂಟಿನದು ಶೇ 5ರಲ್ಲೇ ನಿಂತಿತು. ಕಾಕಾ ಈಗ ಮುಂದಿನ ಬಜೆಟ್ಟಿನ ದಾರಿ ಕಾಯುತ್ತಿದ್ದಾರೆ. ಇಳಿದದ್ದು ಇನ್ನೂ ಇಳಿಯಬಹುದು, ಏರಿದರೆ ಕೊಳ್ಳದೇ ಇದ್ದದ್ದು ಒಳ್ಳೆಯದಾಯಿತು.

ಬೆಂಗಳೂರಿನ ಶೋರೂಮಿಗೆ ಹೋಗಿ ಓಡಿಸಿಯೂ ನೋಡಿ ಬಂದರು. ಕರೆಂಟಿನ ಗಾಡಿಯಲ್ಲಿ ಕುಳಿತು “ಚಾಲೂ ಮಾಡಪಾ” ಎಂದರು. “ಆಗ್ಲೇ ಆನ್ ಆಗಿದೆ ಸರ್” ಎಂದ ಹುಡುಗ. ಕಾಕಾ ಕಿವಿಗೊಟ್ಟು ಕೇಳಿದರು, ಏನೂ ಇಲ್ಲ. ಅಲ್ಲಿಯೇ ಅವರ ಅಸಲಿ ಆಕ್ಷೇಪ ಹೊರಬಿತ್ತು. “ಸಪ್ಪಳ ಇಲ್ಲದ ಹೋದ್ರ ನಾ ಬಂದದ್ದು ಊರಾಗ ಯಾರಿಗೆ ಗೊತ್ತಾಗಬೇಕು?” ಹಾಗಾದರೆ ಡೀಸೆಲ್ಲೇ ತನ್ನಿ ಎಂದರೆ, “ಡೀಸೆಲ್ ಎಲ್ಲಾರ ಮನಿ ಮುಂದೂ ಐತಿ, ಟ್ರ್ಯಾಕ್ಟರಿಗೂ ಅದ. ನೋಡಾವ್ರು ಏನಂತ ನೋಡಬೇಕು?”

ಕಾಕಾರಿಗೆ ತೀರ್ಮಾನ ಮಾಡಲು ಬಾರದೆಂದಲ್ಲ. ದೀಪಾವಳಿಯ ಕೊಬ್ಬರಿ ಹೋರಿ ಹಬ್ಬಕ್ಕೆ ಲಕ್ಷಗಟ್ಟಲೆ ಸುರಿದು ಹೋರಿ ತಂದಾಗ ಹಲ್ಲು ನೋಡಿ, ಸುಳಿ ನೋಡಿ, ಟವೆಲ್ಲಿನೊಳಗೆ ಬೆರಳು ಹಿಡಿದು ಅರ್ಧ ತಾಸಿನಲ್ಲಿ ವ್ಯವಹಾರ ಮುಗಿಸಿದ್ದರು. ಹೋರಿ ಯಾವ ಕಣದಲ್ಲಿ ಓಡಬೇಕು, ಎಷ್ಟು ದೂರ ಓಡಬೇಕು ಎನ್ನುವುದು ಅವರಿಗೆ ಗೊತ್ತಿತ್ತು. ಗಾಡಿಯ ವಿಷಯದಲ್ಲಿ ಅದನ್ನು ಅವರು ಕೇಳಿಕೊಂಡೇ ಇಲ್ಲ. ದಿನಾ ಮನೆಯಿಂದ ದಲಾಲಿ ಅಂಗಡಿ, ಆಗೀಗ ಹಿರೇಕೆರೂರು, ಸುಗ್ಗಿಯಲ್ಲಿ ರಾಣೆಬೆನ್ನೂರು, ಬ್ಯಾಡಗಿ, ವರ್ಷಕ್ಕೊಮ್ಮೆ ಧರ್ಮಸ್ಥಳ. ಇಷ್ಟಕ್ಕೆ ಮನೆಯಲ್ಲಿ ಚಾರ್ಜರ್ ಇದ್ದವನಿಗೆ ಕರೆಂಟು ಧಾರಾಳ ಸಾಕು. ವಾರಕ್ಕೆರಡು ಸಲ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಅದೇ ದಿನ ತಿರುಗಿ ಬರುವವನಿಗೆ ಡೀಸೆಲ್ ಅನುಕೂಲ. ಈ ಎರಡು ಸಾಲು ಗೊತ್ತಾದ ಮೇಲೆ ಚರ್ಚೆಗೆ ಏನೂ ಉಳಿಯುವುದಿಲ್ಲ. ಉಳಿಯುವುದಿಲ್ಲವೆನ್ನುವುದೇ ಕಾಕಾರ ಭಯ. ಇವತ್ತು ಅವರು ಎರಡೂ ಗಾಡಿಗಳ ಧಣಿ. ಕೊಂಡ ದಿನ ಒಂದರದ್ದಷ್ಟೇ.

ನಿಮ್ಮ ಊರಿನ ಕಾರ್ ಕಾಕಾ ನಾಳೆ ನಿಮ್ಮನ್ನೂ ಬೆಂಚಿಗೆ ಕರೆದು ಕೂರಿಸುತ್ತಾರೆ. “ದಿನಾ ಎಷ್ಟು ಕಿಲೋಮೀಟರ್ ಓಡಸ್ತೀರಿ?” ಎಂದು ಮಾತ್ರ ಕೇಳಬೇಡಿ. ಅವರು ಕರೆಂಟು ಅಂದರೆ ನೀವು ಡೀಸೆಲ್ ಹೊಗಳಿ; ಡೀಸೆಲ್ ಅಂದರೆ ಕರೆಂಟು ಹೊಗಳಿ. ಚಹಾದ ಜೊತೆ ಮಿರ್ಚಿಯೂ ಬರುತ್ತದೆ, ದುಡ್ಡು ಅವರೇ ಕೊಡುತ್ತಾರೆ.