ಕ್ಲೋರಿನ್ ಕಾಕಾ

ತುಂಗಭದ್ರೆ ಹಮ್ಮಿಗಿಯಲ್ಲಿ ಎಷ್ಟೇ ತುಂಬಿ ನಿಂತರೂ ಗದಗ-ಬೆಟಗೇರಿಯ ನಳಕ್ಕೆ ಬಂದು ಮುಟ್ಟಲು ಅದಕ್ಕೆ ವಾರ ಬೇಕು, ಕೆಲವು ಓಣಿಗೆ ಹತ್ತು ದಿನ, ಬೇಸಿಗೆಯಲ್ಲಿ ಕೇಳುವುದೇ ಬೇಡ. ಆದ್ದರಿಂದ ನೀರು ಕೂಡಿಡುವುದು ನಮ್ಮ ರಕ್ತದಲ್ಲಿದೆ. ನೆಲದಾಗ ಟಾಕಿ, ಮಾಳಿಗೆ ಮ್ಯಾಲ ಸಿಂಟೆಕ್ಸ್, ಬಚ್ಚಲದಾಗ ಬ್ಯಾರಲ್ಲು, ಅಡಿಗಿಮನಿಯಾಗ ಸಾಲು ಕೊಡ. ನಳ ಬಂದ ದಿನ ಚರಿಗೆ, ತಂಬಿಗೆಯನ್ನೂ ಬಿಡುವುದಿಲ್ಲ. ಇಂಥ ಊರಿನಲ್ಲಿ ಒಬ್ಬ ಗೃಹಸ್ಥ ತನ್ನ ಮನೆಯ ಹಿಂದೆ ಈಜುಕೊಳ ಕಟ್ಟಿಸಿದರೆ ಜನ ಅದನ್ನು ಈಜುಕೊಳ ಅನ್ನುತ್ತಾರೆಯೆ? 'ಮುಚ್ಚಳಿಲ್ಲದ ಟಾಕಿ' ಅಂದರು.

ಓಣಿಗೆಲ್ಲ ಕಾಕಾ ಆಗಿರುವ ಈ ಗೃಹಸ್ಥರನ್ನು ನೀವೂ ನೋಡಿರುತ್ತೀರಿ. ಎಪಿಎಂಸಿಯಲ್ಲಿ ತಂದೆಯ ಕಾಲದ ದಲಾಲಿ ಅಂಗಡಿ. ಉಳ್ಳಾಗಡ್ಡಿ, ಹೆಸರು, ಒಣಮೆಣಸಿನಕಾಯಿ. ಊರ ಹೊರಗೆ ಮುಳಗುಂದ ರಸ್ತೆಗೋ ಲಕ್ಕುಂಡಿ ಕಡೆಗೋ ಒಂದು ಬಂಗಲೆ. ಒಬ್ಬ ಮಗ ಬೆಂಗಳೂರು, ಇನ್ನೊಬ್ಬ ಅಮೆರಿಕ. ಕೊಳ ಆ ಎರಡನೆಯವನ ಹಟ. ಕಾಕಾ ಈಜು ಕಲಿತದ್ದು ಮುಂಡರಗಿ ಕಡೆಯ ಹೊಲದ ಬಾವಿಯಲ್ಲಿ, ಸೊಂಟಕ್ಕೆ ಒಣ ಬುರುಡೆ ಕಟ್ಟಿಕೊಂಡು. ಆ ಬಾವಿಯಲ್ಲಿ ಆಮೆ ಇತ್ತು, ಹಾವಿತ್ತು, ಪಾಚಿ ಬೇಕಾದಷ್ಟಿತ್ತು. ಯಾರೂ ಏನನ್ನೂ ಅಳೆಯುತ್ತಿರಲಿಲ್ಲ. ಸ್ವಂತ ಕೊಳ ಆದ ಮೇಲೆ ಮಾತ್ರ ಅವರು ಪೂಜೆಯ ದಿನ ಒಮ್ಮೆ ಮುಳುಗಿ ಎದ್ದವರು ಮತ್ತೆ ಇಳಿದಿಲ್ಲ. ಪುರಸೊತ್ತಿಲ್ಲ. ಅಳೆಯುವ ಕೆಲಸ ಹಿಡಿದುಬಿಟ್ಟಿದೆ.

"ಕಾಕಾ, ಹೆಂಗದೀರಿ?" ಅಂತ ಕೇಳಿ ನೋಡಿ. "ಇವತ್ತ ಎರಡೂವರಿ ಅದ" ಅನ್ನುತ್ತಾರೆ. ಅದು ಆರೋಗ್ಯದ ಮಾತಲ್ಲ, ನೀರಿನೊಳಗಿನ ಕ್ಲೋರಿನ್ ಲೆಕ್ಕ, ಹತ್ತು ಲಕ್ಷಕ್ಕೆ ಎರಡೂವರೆ ಪಾಲು. ನೆಹರೂ ಶರ್ಟಿನ ಕಿಸೆಯಲ್ಲಿ ಮೊದಲು ಸೌದಾ ಚೀಟಿಗಳು ಇರುತ್ತಿದ್ದವು. ಈಗ ಗಾಜಿನ ಸಣ್ಣ ಕೊಳವೆ, ಗುಲಾಬಿ ಬಣ್ಣದ ಪಟ್ಟಿ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೂ ಎದುರಿಗಿಟ್ಟ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವುದು.

ಮೊದಲ ಬೇಸಿಗೆ ಅವರು ಬ್ಲೀಚಿಂಗ್ ಪೌಡರ್ ಹಾಕಿದರು. ಮುಂಜಾನೆ ಹಾಕಿದ್ದು ಮಧ್ಯಾಹ್ನದ ಊಟಕ್ಕೆ ಇರಲಿಲ್ಲ. ಏಪ್ರಿಲ್ ತಿಂಗಳ ಗದಗದ ಬಿಸಿಲು ಗೊತ್ತಲ್ಲ, ಬರೀ ಕ್ಲೋರಿನ್ನನ್ನು ಎರಡು ತಾಸಿನೊಳಗೆ ಬಹುಪಾಲು ತಿಂದುಹಾಕುತ್ತದೆ. ಮಗ ವಿಡಿಯೋ ಕಾಲ್‌ನಲ್ಲಿ ಬಂದು ಸ್ಟೆಬಿಲೈಸರ್ ಹಾಕಲು ಹೇಳಿದ. ಸೈನೂರಿಕ್ ಆ್ಯಸಿಡ್ ಅನ್ನುವ ಬಿಳಿ ಪುಡಿ. ಅದು ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಬಿಸಿಲಿಗೆ ಸಿಗದಂತೆ ಕಾಯುತ್ತದೆ, ಬೇಕಾದಾಗ ಸ್ವಲ್ಪಸ್ವಲ್ಪ ಬಿಡುತ್ತದೆ. ಕಾಕಾನಿಗೆ ತಕ್ಷಣ ತಿಳಿಯಿತು. "ಗೋದಾಮು ಅನ್ನಪಾ! ಮಾಲು ಒಳಗಿಟ್ಟ, ಪ್ಯಾಟಿ ನೋಡಿ ಬಿಡೂದು." ರಸಾಯನಶಾಸ್ತ್ರವನ್ನು ಇದಕ್ಕಿಂತ ಚೊಕ್ಕಟವಾಗಿ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಕ್ಕಿಲ್ಲ.

ಎಡವಟ್ಟು ಆದದ್ದು ಮಾತ್ರೆಯಿಂದ. ಟ್ರೈಕ್ಲೋರ್ ಅಂತ ಅಂಗೈ ಅಗಲದ, ಇನ್ನೂರು ಗ್ರಾಮಿನ ಬಿಲ್ಲೆ. ಅದರಲ್ಲಿ ಕ್ಲೋರಿನ್ನೂ ಇದೆ, ಸ್ಟೆಬಿಲೈಸರೂ ಇದೆ. ಒಂದಕ್ಕೊಂದು ಪುಕ್ಕಟೆ ಅಂದರೆ ಯಾವ ವ್ಯಾಪಾರಿ ಬಿಟ್ಟಾನು? ಯುಗಾದಿಯಿಂದ ದಿನಕ್ಕೊಂದರಂತೆ ತೇಲುಬುಟ್ಟಿಯಲ್ಲಿಟ್ಟು ಬಿಟ್ಟರು. ಐವತ್ತು ಸಾವಿರ ಲೀಟರಿನ ಕೊಳಕ್ಕೆ ಒಂದು ಬಿಲ್ಲೆ ಮೂರೂವರೆ ಪಾಲು ಕ್ಲೋರಿನ್ ಕೊಡುತ್ತದೆ, ಅದರ ಬೆನ್ನಿಗೇ ಎರಡು ಪಾಲಿಗಿಂತ ತುಸು ಹೆಚ್ಚು ಸ್ಟೆಬಿಲೈಸರನ್ನೂ ಬಿಡುತ್ತದೆ. ಕ್ಲೋರಿನ್ ಕೆಲಸ ಮಾಡಿ ತೀರಿಹೋಗುತ್ತದೆ. ಸ್ಟೆಬಿಲೈಸರ್ ಮಾತ್ರ ಆವಿಯಾಗುವುದಿಲ್ಲ, ಬಿಸಿಲಿಗೆ ಸಾಯುವುದಿಲ್ಲ, ಬೀಗರ ಮನೆಗೆ ಬಂದ ಸೋದರಮಾವನಂತೆ ಕೂತೇ ಬಿಡುತ್ತದೆ. ಮೂವತ್ತರಿಂದ ಐವತ್ತರೊಳಗೆ ಇರಬೇಕಾದದ್ದು ತಿಂಗಳಿಗೆ ಅರವತ್ತಾರಾಯಿತು, ಎರಡು ತಿಂಗಳಿಗೆ ನೂರಾ ಮೂವತ್ತು.

ಕಾರಹುಣ್ಣಿವೆಯ ಹೊತ್ತಿಗೆ ಕೊಳ ಹಸಿರಾಯಿತು. ಪಟ್ಟಿಯಲ್ಲಿ ಮೂರು ಅಂತಲೇ ಕಾಣುತ್ತಿದೆ, ಪಾಚಿ ಮಾತ್ರ ನಗುತ್ತಿದೆ. ಸ್ಟೆಬಿಲೈಸರ್ ಎಷ್ಟಿದೆಯೋ ಅದರ ನೂರಕ್ಕೆ ಏಳೆಂಟು ಪಾಲಾದರೂ ಕ್ಲೋರಿನ್ ಬೇಕು. ನಲವತ್ತಿದ್ದಾಗ ಮೂರು ಸಾಕಾಗಿತ್ತು, ನೂರಾ ಮೂವತ್ತಕ್ಕೆ ಹತ್ತಾದರೂ ಬೇಕು. "ಮಾಲು ಗೋದಾಮಿನ್ಯಾಗ ಐತ್ರೀ, ಪ್ಯಾಟಿಗೆ ಬರವಲ್ದು" ಅಂತ ಕಾಕಾ ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತ ತಿರುಗಿದರು. ಶಿರಹಟ್ಟಿ ಕಡೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಓದಿದ್ದ ಓಣಿಯ ಮಾಸ್ತರರೊಬ್ಬರು, "ಈ ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತು ಶಿರಹಟ್ಟಿ ತನಕ ಹೋಗೂದಿಲ್ಲ ಬಿಡ್ರಿ, ಇಲ್ಲೇ ಇಳಿತಾವು" ಅಂದರು. ಕಾಕಾ ನಗಲಿಲ್ಲ. ಹಕ್ಕಿಯ ಹಿಕ್ಕೆ ಎಷ್ಟು ಕ್ಲೋರಿನ್ ತಿನ್ನುತ್ತದೆ ಅಂತ ಮಗನಿಗೆ ಫೋನ್ ಮಾಡಿದರು.

ಇನ್ನು ಸ್ಟೆಬಿಲೈಸರ್ ಅಳೆಯುವ ಪರಿ. ಕೊಳದ ನೀರಿಗೆ ಒಂದು ದ್ರಾವಣ ಬೆರೆಸಿದರೆ ಮಜ್ಜಿಗೆ ನೀರಿನಷ್ಟು ಮಬ್ಬಾಗುತ್ತದೆ. ಅದನ್ನು ತಳದಲ್ಲಿ ಕಪ್ಪು ಚುಕ್ಕಿ ಇರುವ ಕೊಳವೆಗೆ ತುಸುತುಸುವೇ ಸುರುವುತ್ತ ಮೇಲಿನಿಂದ ನೋಡಬೇಕು. ಚುಕ್ಕಿ ಕಾಣದಾದ ಗೆರೆಯೇ ಲೆಕ್ಕ. ಬೇಗ ಮಾಯವಾದಷ್ಟೂ ಸ್ಟೆಬಿಲೈಸರ್ ಜಾಸ್ತಿ. ಬಯಲಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ಕೊಳವೆಯನ್ನು ಸೊಂಟದ ಮಟ್ಟಕ್ಕೆ ಹಿಡಿದು ನೋಡಬೇಕೆಂಬುದು ನಿಯಮ. ದಿನಾ ಬೆಳಿಗ್ಗೆ ಸೂರ್ಯನಿಗೆ ಬೆನ್ನು ತಿರುಗಿಸಿ ತಲೆಬಾಗಿ ನಿಲ್ಲುವ ಈ ಹಿರಿಯರನ್ನು ಕಂಡು ಹಾಲು ಕೊಡುವವಳು ಇದ್ಯಾವ ವ್ರತ ಅಂತ ಕಾಕಾನ ಹೆಂಡತಿ ಕಾಕೂನನ್ನು ಕೇಳಿದಳು. ತೊಡಕೆಂದರೆ, ಕಾಕಾನ ಎಡಗಣ್ಣಿಗೆ ಪೊರೆ ಬಂದಿದೆ. ಆ ಕಣ್ಣಿಗೆ ಚುಕ್ಕಿ ಸುರುವುವ ಮೊದಲೇ ಅರ್ಧ ಮಾಯ. ಕಾಕಾ ನೂರಾ ಮೂವತ್ತು ಅಂದರೆ ಮೊಮ್ಮಗ ತೊಂಬತ್ತು ಅನ್ನುತ್ತಾನೆ. ಬಿಲ್ಲೆಯ ಲೆಕ್ಕ ಕಾಕಾನ ಕಡೆಗಿದೆ, ಕಣ್ಣು ಮೊಮ್ಮಗನ ಕಡೆಗಿದೆ.

ಮದ್ದು ಒಂದೇ: ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬುವುದು. ಮಗ ಇದನ್ನು ಹೇಳಿದ ದಿನ ಮನೆಯಲ್ಲಿ ಸೂತಕದ ಕಳೆ. "ಹತ್ತ ದಿನಕ್ಕೊಮ್ಮಿ ನಳ ಬರೂ ಊರಾಗ ಇಪ್ಪತ್ತೈದ ಸಾವಿರ ಲೀಟರ್ ಗಟಾರಕ್ಕ ಬಿಡತೀರೇನು? ಓಣಿ ಮಂದಿ ಮುಂದ ಹೆಂಗ ಹಾಯ್ದ ಹೋಗ್ಲಿ ನಾನು?" ಅಂತ ಕಾಕೂ ಬಾಗಿಲಿಗೆ ಅಡ್ಡ ನಿಂತರು. ಕಾಕಾನಿಗೂ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ಅವರ ತೊಂದರೆ ರಸಾಯನದ್ದಲ್ಲ. ಗದಗಿನವನಿಗೆ ನೀರು ತುಂಬುವುದು ಗೊತ್ತು, ಚೆಲ್ಲುವುದು ಗೊತ್ತಿಲ್ಲ. ಮೇಲಾಗಿ ಬದಲಿಗೆ ಬರುವುದು ಟ್ಯಾಂಕರಿನ ಬೋರ್‌ವೆಲ್ ನೀರು. ಪಾತ್ರೆಗೆ ಬಿಳಿ ಪೊರೆ ಕಟ್ಟುವ ಆ ಗಡಸು ನೀರಿಗೆ ಬೇರೆ ಮದ್ದು, ಬೇರೆ ಕೊಳವೆ, ಬೇರೆ ಬಣ್ಣ.

ಹೀಗಾಗಿ ಈಗ ಮಳೆ ಕಾಯುತ್ತಿದ್ದಾರೆ. ದಿನಕ್ಕೆ ಮೂರು ಸಲ ಕಪ್ಪತಗುಡ್ಡದ ಕಡೆ ಮುಖ ಮಾಡಿ ಮೋಡ ನೋಡುತ್ತಾರೆ, ಎಪಿಎಂಸಿಗೆ ಬಂದ ರೈತರನ್ನೆಲ್ಲ "ನಿಮ್ಮ ಕಡೆ ಆತೇನು?" ಅಂತ ಕೇಳುತ್ತಾರೆ. ಹೆಸರು ಬಿತ್ತನೆಯ ಚಿಂತೆ ಮಾಡುವ ಇಂಥ ದಲಾಲರು ಸಿಗುವುದಿಲ್ಲ ಅಂತ ರೈತರು ಕೈ ಮುಗಿಯುತ್ತಾರೆ. ಗದಗದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್, ಕೊಳದ ಆಳ ನಾಲ್ಕಡಿ. ಬಿಸಿಲು ಒಂದು ಹನಿಯನ್ನೂ ಕುಡಿಯದಿದ್ದರೆ ಇಡೀ ವರ್ಷದ ಮಳೆ ಅರ್ಧ ಕೊಳ ಆದೀತು.

ಆ ಕಡೆ ಹೋಗುವುದಿದ್ದರೆ ನೀವು ಟವೆಲ್ ಒಯ್ಯಬೇಡಿ, ಈಜಲು ಯಾರೂ ಕರೆಯುವುದಿಲ್ಲ. ಚಸ್ಮಾ ಒಯ್ಯಿರಿ. ಅಜ್ಜ-ಮೊಮ್ಮಗನ ನಡುವೆ ಚುಕ್ಕಿ ನೋಡಿ ತೀರ್ಪು ಹೇಳಲು ಮೂರನೆಯವರೊಬ್ಬರು ಬೇಕಾಗಿದ್ದಾರೆ.