ಕಾಲಂ ಕೂಡಿಸುವ ಮಹಾಶಯರಿಗೆ, ಪೀಣ್ಯದ ಲೇತ್ ಶೆಡ್ಡಿನಿಂದ

ವೈಟ್‌ಫೀಲ್ಡ್‌ನಲ್ಲಿ ಕುಳಿತು ನಮ್ಮ ವೆಬ್‌ಸೈಟ್ ಕಟ್ಟಿಕೊಟ್ಟ ವಿನ್ಯಾಸಕ ಮಹಾಶಯರಿಗೆ,

ರೋ, ಕಾಲಂ ವಿಚಾರದಲ್ಲಿ ನಾವು ತೀರಾ ದಡ್ಡರಲ್ಲ. 1970ರ ದಶಕದಲ್ಲಿ ತಲೆಯೆತ್ತಿದ ನಮ್ಮ ಪೀಣ್ಯವೂ ಹಂತ, ಫೇಸ್, ಮೇನ್, ಕ್ರಾಸ್ ಎಂದು ಗೆರೆ ಎಳೆದು ಮಾಡಿದ ಜಾಗವೇ. ಜೋರು ಮಳೆ ಬಂದಾಗ ಮಾತ್ರ ಎಲ್ಲ ಕ್ರಾಸೂ ಸೇರಿ ಒಂದೇ ಕಾಲಂ ಆಗುತ್ತದೆ. ನಿಮ್ಮ ಸೈಟನ್ನು ಫೋನಿನಲ್ಲಿ ತೆರೆದಾಗ ಮಳೆಗಾಲವೇ ನೆನಪಾಯಿತು.

2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಬ್ಲಾಕ್ ಎಡಿಟರ್ ತಂದ ಮೇಲೆ ಕೋಡ್ ಬಾರದವರೂ ರೋ ಎಳೆದು ಕಾಲಂ ಕೂಡಿಸುವುದು ಸಲೀಸಾಯಿತು. ನೀವಂತೂ ಕೈ ಬಿಗಿ ಹಿಡಿದಿಲ್ಲ. ರೋ ಒಳಗೆ ಕಾಲಂ, ಕಾಲಂ ಒಳಗೆ ರೋ, ಅದರೊಳಗೆ ಮತ್ತೆರಡು ಕಾಲಂ. ಅಷ್ಟು ಬಾಗಿಲು ದಾಟಿ ಒಳಗೆ ಇಣುಕಿದರೆ ‘ನಮ್ಮ ದೃಷ್ಟಿ’ ಎಂಬ ಶೀರ್ಷಿಕೆ, ಪಕ್ಕದಲ್ಲೊಂದು ಕಣ್ಣಿನ ಚಿತ್ರ.

ಮೊದಲ ಸಾಲಿನಲ್ಲಿ ಎಡಕ್ಕೆ ಫೋಟೊ, ಬಲಕ್ಕೆ ವಿವರ. ಮುಂದಿನ ಸಾಲಿನಲ್ಲಿ ಅದಲುಬದಲು. ಲ್ಯಾಪ್‌ಟಾಪಿನಲ್ಲಿ ಚೆಂದವೋ ಚೆಂದ. ಫೋನಿನಲ್ಲಿ ಎಡದ ಕಾಲಂ ಮೇಲೆ, ಬಲದ್ದು ಅದರ ಕೆಳಗೆ. ಹೀಗಾಗಿ ಫೋಟೊ, ವಿವರ, ವಿವರ, ಫೋಟೊ ಎಂಬ ಕ್ರಮ. ಸಂಸ್ಥಾಪಕರಾದ ನಮ್ಮ ತಂದೆಯವರ ಫೋಟೊ, ಕೆಳಗೆ ಅವರ ಗುಣಗಾನ, ಅದಕ್ಕೆ ಅಂಟಿಕೊಂಡೇ ವಿಎಂಸಿ ಯಂತ್ರದ ‘ಮೂರು ಆಕ್ಸಿಸ್, ಕೂಲಂಟ್ ಟ್ಯಾಂಕ್ ಸಹಿತ’. ಅಪ್ಪ ಬೇಸರ ಮಾಡಿಕೊಂಡಿಲ್ಲ. ಚಿಕ್ಕಪ್ಪ ಮಾತ್ರ ದಿನಾ ಬೆಳಿಗ್ಗೆ ‘ಟ್ಯಾಂಕ್ ಎಲ್ಲಿಟ್ಟಿದ್ದೀಯಣ್ಣ?’ ಎನ್ನುತ್ತಾರೆ. ಮೊಬೈಲಿನಲ್ಲಿ ಕಾಲಂ ಕ್ರಮ ತಿರುಗಿಸುವ ಸೆಟ್ಟಿಂಗ್ ಹಲವು ಪೇಜ್ ಬಿಲ್ಡರ್‌ಗಳಲ್ಲಿ ಇದೆಯಲ್ಲ, ಸ್ವಾಮಿ?

ಪ್ಯಾಡಿಂಗ್ ಲೆಕ್ಕವನ್ನೂ ಹಾಕಿದೆವು. ಅಳತೆ ನಮ್ಮ ಕಸುಬು. ಸಾಧಾರಣ ಆಂಡ್ರಾಯ್ಡ್ ಫೋನಿನ ಅಗಲ ನಿಮ್ಮ ಲೆಕ್ಕದಲ್ಲಿ 360 ಪಿಕ್ಸೆಲ್. ಎಡಬಲಕ್ಕೆ 60ರಂತೆ ನೀವು ಖಾಲಿ ಬಿಟ್ಟ ಮೇಲೆ ಉಳಿದದ್ದು 240. ಸೇವೆಗಳ ರೋನಲ್ಲಿ ಮೊಬೈಲ್ ಸ್ಟ್ಯಾಕಿಂಗ್ ಆಫ್ ಮಾಡಿ ಮೂರು ಕಾಲಂ ಹಾಗೇ ನಿಲ್ಲಿಸಿದ್ದೀರಿ. ನಡುವಿನ ಎರಡು ಗ್ಯಾಪಿಗೆ 40 ಹೋದರೆ ಒಂದೊಂದು ಕಾಲಮ್ಮಿಗೆ 66 ಚಿಲ್ಲರೆ. ‘ಮಿಲ್ಲಿಂಗ್’ ಹೇಗೋ ಉಸಿರು ಬಿಗಿಹಿಡಿದು ತೂರಿಕೊಂಡಿತು. ‘ಪರಿಶೀಲನೆ’ ಪಕ್ಕದ ಕಾಲಮ್ಮಿಗೆ ನುಗ್ಗಿ ಗಡಿ ತಕರಾರು ತೆಗೆದಿದೆ. ಡ್ರಾಯಿಂಗಿನಲ್ಲಿ 0.02 ಮಿಲಿಮೀಟರ್ ಎಂದಿದ್ದು 0.03 ಬಂದರೆ ನಮ್ಮ ಪೀಸು ರಿಜೆಕ್ಟ್. ನಿಮ್ಮಲ್ಲಿ ಪೋಲಾದ ಅಷ್ಟೂ ಜಾಗಕ್ಕೆ ‘ವೈಟ್ ಸ್ಪೇಸ್’ ಎಂಬ ಗೌರವದ ಹೆಸರುಂಟು.

ಲೈನ್ ಹೈಟ್ ಸಂಗತಿ ಇನ್ನೂ ಸೊಗಸು. ಇಂಗ್ಲಿಷ್ ಶೀರ್ಷಿಕೆಗೆ ಇಟ್ಟ 1ನ್ನೇ ಕನ್ನಡಕ್ಕೂ ಇಟ್ಟು, ಅಂಚು ಮೀರಿದ್ದನ್ನು ಮರೆಮಾಡುವಂತೆ ಮಾಡಿದ್ದೀರಿ. ನಮ್ಮ ಅಕ್ಷರದ ಕೆಳಗೆ ಒತ್ತು ಬರುತ್ತದೆ. ಜಾಗವಿಲ್ಲದೆ ಅದು ಕತ್ತರಿಸಿಹೋಗಿದೆ. ‘ಉತ್ಪನ್ನಗಳು’ ಈಗ ‘ಉತನಗಳು’. ಭಾಷೆ ಆರಿಸುವ ಗುಂಡಿಯ ಮೇಲೆ ‘ಕನಡ’ ಎಂದಿದೆ. ನವೆಂಬರ್ ಒಂದರೊಳಗೆ ಸರಿಯಾದರೆ ನಮ್ಮಿಬ್ಬರಿಗೂ ಕ್ಷೇಮ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಫೋನಿಗೆ ಪ್ಯಾಡಿಂಗ್ 16 ಸಾಕು, ಲೈನ್ ಹೈಟ್ 1.6 ಇರಲಿ, ಸ್ಟ್ಯಾಕಿಂಗ್ ಆನ್ ಮಾಡಿ. ಫುಟರಿನ ನಾಲ್ಕನೇ ಕಾಲಮ್ಮಿನಲ್ಲಿ ಬಚ್ಚಿಟ್ಟಿರುವ ನಮ್ಮ ಫೋನ್ ನಂಬರನ್ನು ಮೇಲಕ್ಕೆ ತನ್ನಿ. ಗಿರಾಕಿ ಬರುವುದು ಅದಕ್ಕಾಗಿಯೇ. ಆಮೇಲೆ ಬಿಲ್ ಕಳಿಸಿ. ಅದರಲ್ಲಿ ಜಿಎಸ್‌ಟಿಗೆ ಮಾತ್ರ ಬೇರೆ ಕಾಲಂ ಇರಲಿ.

ಇಂತಿ,
ಪೀಣ್ಯ ಎರಡನೇ ಹಂತದ ಲೇತ್ ಶೆಡ್ಡಿನವನು