ಎಜ್ಡಿ ಕಾಕಾನ ಬಜೆಟ್

ಹಳೆಯ ಮೋಟರ್‌ಸೈಕಲ್ ಎಬ್ಬಿಸಲು ಹೊರಟವರನ್ನು ಗುರುತಿಸಲು ಗಾಡಿ ನೋಡಬೇಕಾಗಿಲ್ಲ, ಉಗುರು ನೋಡಿದರೆ ಸಾಕು. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೂ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ ಇವರು ಎಡಗೈಯನ್ನು ತೊಡೆಯ ಕೆಳಗೆ ಅಡಗಿಸಿ, ಬಲಗೈ ಬೆರಳುಗಳನ್ನು ಆದಷ್ಟು ಮಡಚಿಕೊಂಡು ಉಣ್ಣುತ್ತಿರುತ್ತಾರೆ. ಉಗುರಿನ ಸಂದಿಯ ಗ್ರೀಸು ಸಾಬೂನಿಗೂ ಬಗ್ಗಿಲ್ಲ, ಸೀಮೆಎಣ್ಣೆಗೂ ಬಗ್ಗಿಲ್ಲ, ಹೆಂಡತಿಯ ಬೈಗುಳಕ್ಕೂ ಬಗ್ಗಿಲ್ಲ. ಮಗ್ಗುಲಲ್ಲಿ ಕೂತವರು "ಏನ್ರಿ, ಗ್ಯಾರೇಜ್ ಹಾಕೀರೇನು?" ಎಂದರೆ ಅವರಿಗೆ ಬೇಸರವಿಲ್ಲ. ಆ ಪ್ರಶ್ನೆಗಾಗಿಯೇ ಕಾಯುತ್ತಿರುತ್ತಾರೆ. ಆಮೇಲೆ ತುಪ್ಪ ಹೆಪ್ಪುಗಟ್ಟುವವರೆಗೂ ಪಿಸ್ಟನ್ನಿನ ಪುರಾಣ.

ನಮ್ಮ ಕೃಷ್ಣಾ–ಘಟಪ್ರಭಾ ಸೀಮೆಯಲ್ಲಿ ಈ ಜಾತಿಯವರು ಊರಿಗೊಬ್ಬರಾದರೂ ಇದ್ದಾರೆ. ಊರಿನ ನೀರಿನ ಗುಣ ಮಾತ್ರ ಬೇರೆ ಬೇರೆ. ಜಮಖಂಡಿಯವರನ್ನು ಕೇಳಿದರೆ "ನಮ್ಮ ಜಾವಾ ಸಂಸ್ಥಾನದ ಕಾಲದ್ರಿ" ಎನ್ನುತ್ತಾರೆ. ಪಟವರ್ಧನರ ಸಂಸ್ಥಾನ 1948ರಲ್ಲೇ ವಿಲೀನವಾಯಿತು; ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಗಾಡಿ ತಯಾರಾಗತೊಡಗಿದ್ದು 1961ರಲ್ಲಿ. ನಡುವಿನ ಹದಿಮೂರು ವರ್ಷ ಗಾಡಿ ಎಲ್ಲಿತ್ತು ಎಂದು ಕೇಳಿದರೆ ಅರಮನೆಯ ಕಡೆ ಕೈ ತೋರಿಸಿ ಚಹಾ ಹೇಳುತ್ತಾರೆ.

ಮುಧೋಳ ರನ್ನನ ಊರು. ಅಲ್ಲಿಯವರ ಬಾಯಲ್ಲಿ ಜಾಮಾದ ಪಿಸ್ಟನ್ ತೆಗೆಯುವುದೂ ಗದಾಯುದ್ಧವೇ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಂತೆ ಪಿಸ್ಟನ್ ಸಿಲಿಂಡರಿನೊಳಗೆ ಹೋಗಿ ಕೂತುಬಿಟ್ಟಿತ್ತಂತೆ. ಡೀಸೆಲ್ ಹೊಯ್ದು ನೆನೆಹಾಕಿದರು, ಕಾಸಿದರು, ಬೈದರು, ಮೂದಲಿಸಿದರು. ಕೊನೆಗೆ ಕಟ್ಟಿಗೆಯ ತುಂಡು ಇಟ್ಟು ಸುತ್ತಿಗೆ ಎತ್ತಿದರು. ತೊಡೆ ಮುರಿದದ್ದು ಪಿಸ್ಟನ್ನಿನದಲ್ಲ, ಹೊರಗಿನ ಫಿನ್ನುಗಳದು.

ಬೀಳಗಿಯವರ ದಾರಿ ಬೇರೆ. ಆಲಮಟ್ಟಿಯ ಹಿನ್ನೀರು ಏರಿದಾಗ ಊರು ಬಿಟ್ಟವರು ತೊಲೆ, ಜಂತಿ, ಬಾಗಿಲ ಚೌಕಟ್ಟು, ಮನೆದೇವರು ಎಲ್ಲವನ್ನೂ ಹೊಸ ಪ್ಲಾಟಿಗೆ ಹೊತ್ತು ತಂದರು. ಅದರೊಟ್ಟಿಗೆ ಓಡದ ಮೋಟರ್‌ಸೈಕಲ್ಲೂ ಬಂತು. ಆದ್ದರಿಂದ ಅಲ್ಲಿ ಎಂಜಿನ್ ಬಿಚ್ಚಿದಾಗ ನೀರು ಸುರಿದರೆ ಅದನ್ನು ದೋಷವೆಂದು ಯಾರೂ ಹೇಳುವುದಿಲ್ಲ. "ಹೊಳಿ ನೀರ್ರಿ, ಏನಾಗೂದಿಲ್ಲ" ಎನ್ನುತ್ತಾರೆ.

ಉಳಿದದ್ದು ರಬಕವಿ–ಬನಹಟ್ಟಿ. ಮಗ್ಗದ ಊರು, ಕೆಟ್ಟದ್ದನ್ನು ಬಿಸಾಡುವ ರೂಢಿಯೇ ಇಲ್ಲಿಲ್ಲ. ನಮ್ಮ ಓಣಿಯ ಎಜ್ಡಿ ಕಾಕಾ ಇಲ್ಲಿಯವರು. ತಂದೆತಾಯಿ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಪತ್ತಿನ ಸಹಕಾರಿ ಸಂಘವೊಂದರಲ್ಲಿ ಅವರು ಲೆಕ್ಕದ ಮನುಷ್ಯ. ಸಂಜೆ ನಗದು ಒಂದು ರೂಪಾಯಿ ತಾಳೆಯಾಗದಿದ್ದರೆ ಪಿಗ್ಮಿ ಏಜೆಂಟನನ್ನೂ ಮನೆಗೆ ಬಿಡುವವರಲ್ಲ. ಇಂಥ ಕಟ್ಟುನಿಟ್ಟಿನ ಮನುಷ್ಯನಿಗೆ ಬೀಳಗಿ ಕಡೆಯ ಹೊಲದ ಮನೆಯೊಂದರಲ್ಲಿ, ಕಣಕಿ ಬಣವಿಯ ಮಗ್ಗುಲಲ್ಲಿ, 1979ರ ಮಾಡೆಲ್ಲಿನ ಎಜ್ಡಿ ಕಣ್ಣಿಗೆ ಬಿತ್ತು.

ಆ ಮನೆಯ ಅಣ್ಣತಮ್ಮಂದಿರು ಮೂವರು. ವಾಟ್ನಿ ಮಾಡಿಕೊಂಡಾಗ ಹೊಲ, ಎತ್ತು, ಬಾವಿಯ ನೀರಿನ ಪಾಳಿ ಎಲ್ಲ ಹಂಚಿಕೊಂಡಿದ್ದರು. ಗಾಡಿ ಯಾರ ಪಾಲಿಗೂ ಬಂದಿರಲಿಲ್ಲ, ಏಕೆಂದರೆ ಯಾರಿಗೂ ಬೇಕಾಗಿರಲಿಲ್ಲ. ಕಾಕಾ "ಎಷ್ಟಕ್ಕ ಕೊಡ್ತೀರಿ?" ಅಂದ ಕೂಡಲೇ ಮೂವರಿಗೂ ಒಟ್ಟಿಗೇ ಅಪ್ಪನ ನೆನಪಾಯಿತು.

"ಅಪ್ಪ ಕುಂತ ಗಾಡೀರಿ. ಹಂಗ ಸುಮ್ನ ಹೆಂಗ ಕೊಡೂಣು?"

ಎಂಟು ಸಾವಿರಕ್ಕೆ ಅಪ್ಪನ ನೆನಪು ಹಗುರಾಯಿತು. ಗಾಡಿ ಟಂಟಂನಲ್ಲಿ ಮಲಗಿಕೊಂಡು ಬನಹಟ್ಟಿಗೆ ಬಂತು. ಸೈಲೆನ್ಸರ್ ಎರಡರಲ್ಲಿ ಒಂದು ಇತ್ತು, ಹೆಡ್‌ಲೈಟಿನ ಬಟ್ಟಲಲ್ಲಿ ಗುಬ್ಬಿಗೂಡು ಇತ್ತು. ಕಾಕಾನ ಹೆಂಡತಿ ಕಾಕು ಬಾಗಿಲಲ್ಲಿ ನಿಂತು ನೋಡಿದರು.

"ಅಲ್ರೀ, ಇದನ್ನ ಗುಜರಿಯವಗ ಕೊಡಾಕ ತಂದೀರೋ, ಗುಜರಿಯವನ ಕಡಿಂದ ತಂದೀರೋ?"

ಕಾಕಾ ಉತ್ತರ ಕೊಡಲಿಲ್ಲ, ಬಜೆಟ್ ಮಂಡಿಸಿದರು. ಲೆಡ್ಜರಿನ ಉದ್ದ ಹಾಳೆಯ ಮೇಲೆ ಗೆರೆ ಹೊಡೆದು ಬರೆದದ್ದು ಹೀಗಿತ್ತು: ಗಾಡಿ 8,000, ಎಂಜಿನ್ ಕೆಲಸ 3,000, ಪೇಂಟ್ 1,500, ಟೈರ್ 1,500, ಇತರೆ 1,000, ಒಟ್ಟು 15,000. ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಹೊಸಬರ ಬಜೆಟ್ ಎಂದರೆ ಇದೇ: ಗಾಡಿಗೆ ತಗಲುವ ಖರ್ಚಲ್ಲ, ಮನೆಯಲ್ಲಿ ಹೇಳಬಹುದಾದ ಖರ್ಚು. ಇವೆರಡರ ನಡುವಿನ ಕಂದಕ ತುಂಬಲು 'ಇತರೆ' ಎಂಬ ಸಾಲು ಇದೆ.

ಎಂಜಿನ್ ಬಿಚ್ಚುವ ಮೊದಲು ಓಣಿಯ ಹುಡುಗರಿಗೆ ಕಾಕಾ ಪಾಠ ಮಾಡಿದರು. 1961ರಿಂದ ಜಾವಾ, 1973ರಿಂದ ಅದೇ ಮೈಸೂರಿನ ಕಾರ್ಖಾನೆಯಿಂದ ಎಜ್ಡಿ, 1996ರಲ್ಲಿ ಬಾಗಿಲು ಬಂದ್. ಗಾಡಿ ಟೂ ಸ್ಟ್ರೋಕ್; ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್; ವಾಲ್ವಿಲ್ಲ, ಕ್ಯಾಮಿಲ್ಲ. "ಇದರಾಗ ಏನೈತಿ? ನಮ್ಮ ಪವರ್‌ಲೂಮಿಗಿಂತ ಸರಳ" ಎಂದರು. "ಕಾಕಾ, 2022ರಾಗ ಹೊಸಾ ಎಜ್ಡಿ ಬಂದೈತಲ್ರಿ, ಶೋರೂಮ್‌ನ್ಯಾಗ ಸಿಗತೈತಿ" ಎಂದ ಹುಡುಗನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. "ಅದು ಫೋರ್ ಸ್ಟ್ರೋಕೋ ತಮ್ಮಾ."

ಸರಳವೆಂಬ ಮಾತಿನಲ್ಲೇ ಗುಂಡಿ ಇತ್ತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು–ಗಾಳಿಯ ಮಿಶ್ರಣ ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೋಗಿ, ಅಲ್ಲಿ ಒತ್ತಡ ತಿಂದು ಮೇಲೆ ಬರಬೇಕು. ಆ ಕೋಣೆಗೆ ಹೊರಗಿನ ಗಾಳಿ ಒಂದಿಷ್ಟೂ ನುಗ್ಗಬಾರದು. ಅದನ್ನು ಕಾಯುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರಿನ ಆಯಿಲ್ ಸೀಲು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಒಣಗಿ ಕಲ್ಲಾಗಿರುತ್ತದೆ. ಕದ್ದು ನುಗ್ಗಿದ ಗಾಳಿಯಿಂದ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸೀಲಿಗೆ ದೊಡ್ಡ ಬೆಲೆಯಿಲ್ಲ, ಆದರೆ ಒಂದು ಬದಿಯದು ಕೂತಿರುವುದು ಕ್ಲಚ್ಚಿನ ಹಿಂದೆ. ಕ್ಲಚ್ ಬಿಚ್ಚಲು ಬೇರೆಯೇ ಒಂದು ಪುಲ್ಲರ್ ಬೇಕು. ಪುಲ್ಲರ್ ಬಜೆಟ್ಟಿನಲ್ಲಿರಲಿಲ್ಲ. ಆದ್ದರಿಂದ ಕಾಕಾ ಉಳಿ ಎತ್ತಿದರು; ಮಿಸ್ತ್ರಿ ಬಂದು "ಸಾಹೇಬ್ರ, ಉಳಿ ಮೂರ್ತಿ ಮಾಡಾಕ" ಎಂದು ಕಸಿದುಕೊಂಡ.

ಸಿಲಿಂಡರು ಬೋರಿಂಗಿಗೆ ಹೋಯಿತು. ಮಗ್ಗದ ಸಾಮಾನು ತಿರುವುವ ಲೇತಿನವನು ಬುಷ್ ಮಾಡಿಕೊಟ್ಟ. ಒರೆಸಲು ಬಟ್ಟೆ ಮಾತ್ರ ಪುಕ್ಕಟೆ. ಮಗ್ಗದ ಮನೆಗಳ ತುಂಡುನೂಲಿನಷ್ಟು ಚೆನ್ನಾಗಿ ಗ್ರೀಸು ಹೀರುವುದು ಮತ್ತೊಂದಿಲ್ಲ. ಬಿಚ್ಚಿದ ನಟ್, ಬೋಲ್ಟ್, ವಾಯ್ಸರ್, ಸ್ಪ್ರಿಂಗ್ ಎಲ್ಲ ಧಾರವಾಡ ಪೇಢೆಯ ಡಬ್ಬಿಗಳಲ್ಲಿ ಚೀಟಿ ಸಹಿತ ಕೂತವು. ಎಂಜಿನ್ ತಿರುಗಿ ಜೋಡಿಸಿದ ಮೇಲೆ ಎರಡು ವಾಯ್ಸರ್, ಒಂದು ಪಿನ್ನು ಉಳಿದವು. ಬೇರೆಯವರಾಗಿದ್ದರೆ ಕಿಟಕಿಯಿಂದಾಚೆ ಒಗೆಯುತ್ತಿದ್ದರು. ಕಾಕಾ ಲೆಕ್ಕದವರು, ಹೊಸ ಡಬ್ಬಿಯ ಮೇಲೆ 'ಅನಾಮತ್ತು ಖಾತೆ' ಎಂದು ಬರೆದು ಅದರಲ್ಲಿ ಜಮಾ ಮಾಡಿದರು.

ಇಷ್ಟರಲ್ಲಿ ಕಟ್ಟೆಯ ಮೇಲೆ ಸಲಹಾ ಸಮಿತಿ ತಾನಾಗಿಯೇ ರಚನೆಯಾಗಿತ್ತು. ಪೆಟ್ರೋಲಿಗೆ ಟೂಟಿ ಆಯಿಲ್ ಎಷ್ಟು ಬೆರೆಸಬೇಕು ಎಂಬುದೇ ಅದರ ಖಾಯಂ ವಿಷಯ. ಲೀಟರಿಗೆ ಮೂವತ್ತು ಮಿಲಿ ಎಂದು ಒಬ್ಬರು, ನಲವತ್ತು ಎಂದು ಮತ್ತೊಬ್ಬರು. "ನಮ್ಮಪ್ಪ ಮುಚ್ಚಳದಾಗ ಅಳದು ಹಾಕ್ತಿದ್ದಾ, ಒಂದಿನಾನೂ ನಿಂತಿಲ್ಲ" ಎಂದು ಮೂರನೆಯವರು. ಯಾವ ಮುಚ್ಚಳ ಎಂದು ಕೇಳಿದ್ದಕ್ಕೆ ಜಗಳವಾಗಿ ಸಭೆ ಬರಖಾಸ್ತಾಯಿತು. "ಯಾವಾಗ ಮುಗೀತೈತ್ರಿ?" ಎಂದು ಕೇಳಿದವರಿಗೆ ಕಾಕಾನದು ಒಂದೇ ಉತ್ತರ: "ಬಾಗಲಕೋಟಿ–ಕುಡಚಿ ರೈಲು ಬರೂದರೊಳಗ." ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವಸರವೇನೂ ಇಲ್ಲವೆಂದು ಅವರಿಗೆ ಅರ್ಥವಾಗುತ್ತಿತ್ತು.

ಸಾಮಾನು ಹುಡುಕುವ ಕಾಲಕ್ಕೆ ಕಾಕಾನಲ್ಲಿ ದೈವಭಕ್ತಿ ಹೆಚ್ಚಿತು. "ಕೊಲ್ಲಾಪುರದ ಮಹಾಲಕ್ಷ್ಮಿಗೆ ಹೋಗಿ ಭಾಳ ದಿನಾ ಆತು" ಎಂದರು. ಕಾಕು ಸಂತೋಷಪಟ್ಟು ಹೊಸ ಸೀರೆ ಉಟ್ಟು ಹೊರಟರು. ಕಾಕು ದೇವಿಯ ಪಾಳಿಯಲ್ಲಿ ನಿಂತಿದ್ದಾಗ ಕಾಕಾ ಹಳೇ ಸ್ಪೇರಿನ ಅಂಗಡಿಯ ಪಾಳಿಯಲ್ಲಿ ನಿಂತಿದ್ದರು. ಬರುವಾಗ ಪ್ರಸಾದದ ಚೀಲದ ತಳದಲ್ಲಿ ಜಿಕೋವ್ ಕಾರ್ಬೊರೇಟರ್ ಇತ್ತು. ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೂ ಹೋಗಿಬಂದರು. ಅಜ್ಜನ ಕೃಪೆಯಿಂದ ಮಡ್‌ಗಾರ್ಡ್ ಸಿಕ್ಕಿತು. ಬೆಂಗಳೂರಿನಲ್ಲಿ ಬೀಗರ ಮನೆಯ ಮದುವೆ ಬಂದಾಗ ಅಕ್ಷತೆಯ ಹೊತ್ತಿಗೆ ಅವರು ಜೆ.ಸಿ. ರಸ್ತೆಯಲ್ಲಿದ್ದರು.

ಖರ್ಚು ಮಾತ್ರ ಹದಿನೈದು ಸಾವಿರದ ಗೆರೆ ದಾಟಲೇ ಇಲ್ಲ, ಕಾಗದದ ಮೇಲೆ. ಕನೆಕ್ಟಿಂಗ್ ರಾಡ್ 'ಬೀಗರ ಆಹೇರ' ಎಂದಾಯಿತು. ಚೈನು ಮತ್ತು ಸ್ಪ್ರಾಕೆಟ್ ಬಿಪಿ ಗುಳಿಗೆಯ ಖಾತೆಗೆ ಹೋದವು. ಎರಡನೇ ಸೈಲೆನ್ಸರ್ ಹಾಲಿನ ಬಾಕಿಯಲ್ಲಿ ಕರಗಿತು. ಸೊಸೈಟಿಯಲ್ಲಿ ಯಾರಾದರೂ ಇಂಥ ನಮೂದು ಮಾಡಿದ್ದರೆ ಕಾಕಾ ಅವರ ನೌಕರಿ ತೆಗೆಸುತ್ತಿದ್ದರು.

ಖಂಡೇ ಪೂಜೆಗೆ ಗಾಡಿ ಚಾಲೂ ಆಗಲೇಬೇಕೆಂದು ಪಣವಾಯಿತು. ಆ ದಿನ ಓಣಿಯ ಮಗ್ಗಗಳೆಲ್ಲ ನಿಂತು ಪೂಜೆ ಮಾಡಿಸಿಕೊಳ್ಳುತ್ತಿದ್ದವು. ಏನೇ ಆದರೂ ಊರಿಗೆಲ್ಲ ಕೇಳುವಂಥ ನಿಶ್ಶಬ್ದ. ಚೆಂಡುಹೂವಿನ ಮಾಲೆ ಹಾಕಿಕೊಂಡು ಎಜ್ಡಿ ಅಂಗಳದಲ್ಲಿ ನಿಂತಿತ್ತು. ಎಜ್ಡಿಯಲ್ಲಿ ಕಿಕ್ಕು, ಗೇರು ಎರಡಕ್ಕೂ ಒಂದೇ ಸನ್ನೆ. ಎಡಗಡೆಯ ಗೇರಿನ ಸನ್ನೆಯನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುವಿ ಎಬ್ಬಿಸಿದರೆ ಅದೇ ಕಿಕ್ಕು. ಗಾಡಿ ಚಾಲೂ ಆದ ಮೇಲೆ ಮತ್ತೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಕಾಕಾ ಒತ್ತಿದರು, ತಿರುವಿದರು, ಹೊಡೆದರು. ಸನ್ನೆ ತಿರುಗಿ ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯಿತು. ಕುಂಟುತ್ತ ಒಂದು ಸುತ್ತು ಹಾಕಿ ಬಂದು ಮತ್ತೆ ಹೊಡೆದರು. ಪ್ಲಗ್ ಬಿಚ್ಚಿ ಒರೆಸಿದರು, ಪಾಯಿಂಟಿಗೆ ಉಪ್ಪುಕಾಗದ ಹಚ್ಚಿದರು, ಮತ್ತೆ ಹೊಡೆದರು.

ಢಂ ಎಂದಿತು. ನೀಲಿ ಹೊಗೆ ಅಂಗಳ ತುಂಬಿ, ಪೂಜೆಯ ಲೋಬಾನವನ್ನು ನುಂಗಿ, ಪಕ್ಕದ ಮನೆಯ ಹಪ್ಪಳದ ಮೇಲೆ ಇಳಿಯಿತು. ಹೊಗೆಯ ನಡುವಿನಿಂದ ಕಾಕಾ ಗಾಡಿ ಸಮೇತ ಹೊರಬಂದರು. ಹುಡುಗರು ಹೋ ಎಂದರು. ಅಗಸಿಯವರೆಗೆ ಹೋದ ಸದ್ದು ಅಲ್ಲಿಯೇ ನಿಂತಿತು. ಸಲಹಾ ಸಮಿತಿ ಓಡಿತು. ಕ್ರ್ಯಾಂಕ್ ಹೋಗಿದೆ ಎಂದು ಒಬ್ಬರು, ಕಾಯಿಲ್ ಸುಟ್ಟಿದೆ ಎಂದು ಮತ್ತೊಬ್ಬರು. ಮಿಸ್ತ್ರಿ ಬಗ್ಗಿ ನೋಡಿ ಟಾಕಿಯ ಕೆಳಗಿನ ಕಾಕ್ ತಿರುವಿದ. ಅದನ್ನು ತೆರೆದೇ ಇರಲಿಲ್ಲ. ಕಾರ್ಬೊರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲಿಗೆ ಅಗಸಿಯವರೆಗಷ್ಟೇ ಆಯುಷ್ಯ.

ಗಾಡಿ ಓಡಿದ ಮೇಲೆ ಉಳಿದದ್ದು ಕಾಗದಪತ್ರ. "ವಿಂಟೇಜ್ ಅಂತ ರಜಿಸ್ಟರ್ ಮಾಡಸ್ತೀನಿ" ಎಂದು ಕಾಕಾ ಎದೆ ಉಬ್ಬಿಸಿದರು. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದಂತೆ ವಿಂಟೇಜ್ ಎನ್ನಿಸಿಕೊಳ್ಳಲು ಗಾಡಿಗೆ ಐವತ್ತು ವರ್ಷ ತುಂಬಿರಬೇಕು. ಕಾಕಾನ ಎಜ್ಡಿ ಸರ್ಕಾರದ ಕಣ್ಣಿನಲ್ಲಿ 2029ರವರೆಗೆ ಅಪ್ರಾಪ್ತ. ಆ ನೋಂದಣಿಯ ಶುಲ್ಕ ಇಪ್ಪತ್ತು ಸಾವಿರ. ಗಾಡಿಗೆ ಕೊಟ್ಟದ್ದರ ಎರಡೂವರೆ ಪಟ್ಟು. ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಸಂತೆಗೆ, ಹೊಲಕ್ಕೆ ಓಡಿಸುವಂತೆಯೂ ಇಲ್ಲ. ಮಾಮೂಲಿ ಆರ್‌ಸಿ ವರ್ಗಾವಣೆಯೇ ಆಗಲೆಂದರೆ ಬುಕ್ಕಿನಲ್ಲಿ ಇರುವುದು ತೀರಿಕೊಂಡವರ ಹೆಸರು. ಮೂವರು ಮಕ್ಕಳ ಸಹಿ ಬೇಕು. ಮೂವರಿಗೂ ಮತ್ತೊಮ್ಮೆ ಅಪ್ಪನ ನೆನಪಾಯಿತು. ಈ ಸಲದ ದರ ಬೇರೆ.

ಆ ದುಡ್ಡಿಗಾಗಿ ಕಾಕಾ ಕಾಕುವಿನ ಮುಂದೆ ಕೂರಲೇಬೇಕಾಯಿತು. ಕಾಕುವಿನದು ಮನೆಯಲ್ಲೇ ಸೀರೆ ವ್ಯಾಪಾರ. ಮಹಾಲಿಂಗಪುರ, ತೇರದಾಳದ ಹೆಣ್ಣುಮಕ್ಕಳು ಉದ್ರಿ ಒಯ್ದು ಹಪ್ತಾ ಕಟ್ಟುತ್ತಾರೆ. ಆ ದಿನ ನಾನೂ ಅಲ್ಲಿ ಚಹಾ ಕುಡಿಯುತ್ತಿದ್ದೆ. ಕಾಕು ಮಾತಾಡದೆ ಉದ್ರಿ ಪುಸ್ತಕ ತಂದು ಒಂದು ಪುಟ ತೆರೆದಿಟ್ಟರು. ಮೇಲೆ ಗಿರಾಕಿಯ ಹೆಸರಿನ ಜಾಗದಲ್ಲಿ 'ಎಜ್ಡಿ' ಎಂದಿತ್ತು. ಕಾರ್ಬೊರೇಟರ್, ರಾಡ್, ಚೈನು, ಸೈಲೆನ್ಸರ್, ಎಲ್ಲ ತಾರೀಖಿನ ಸಮೇತ. ಹಾಲಿನವಳೂ ಅವರ ಗಿರಾಕಿ, ಔಷಧಿ ಅಂಗಡಿಯವನ ಹೆಂಡತಿಯೂ ಗಿರಾಕಿ, ಸ್ಪೇರಿನ ಅಂಗಡಿಯವನ ತಂಗಿಯೂ ಗಿರಾಕಿ. ಕೆಳಗೆ ಒಟ್ಟು 61,350.

ಕಾಕಾ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು. ಬೆರಳು ಇಟ್ಟು ಕೂಡಿಸಿ ನೋಡಿದರು. ಮುಖ ಬಾಡುವ ಬದಲು ಅದರ ಮೇಲೆ ಕಚೇರಿಯ ಕಳೆ ಬಂತು.

"ಎರಡನೇ ಆಯಿಲ್ ಸೀಲು ಬಿಟ್ಟೀದಿ. ಇನ್ನೂರಾ ಎಂಬತ್ತು."

ಕಾಕು ಅದನ್ನೂ ಬರೆದುಕೊಂಡರು. "ಸೋಮವಾರಕ್ಕೊಮ್ಮೆ ಹಪ್ತಾ. ಬಾಕಿ ತೀರೂತನಾ ಆರ್‌ಸಿ ಬುಕ್ ನನ್ನ ಕಡಿ ಇರ್ಲಿ."

ಸೊಸೈಟಿಯ ನಿಯಮವೂ ಅದೇ ಆದ್ದರಿಂದ ಕಾಕಾ ತಕರಾರು ತೆಗೆಯಲಿಲ್ಲ. ಸಾಲಗಾರನ ಸಹಿ ಎಲ್ಲಿ ಬರಬೇಕೋ ಅಲ್ಲಿ ಸಹಿ ಹಾಕಿ, ತಾರೀಖು ಬರೆದು, ಪೆನ್ನನ್ನು ನನ್ನ ಕಡೆ ಚಾಚಿದರು.

"ಜಾಮೀನಿಗೆ ಒಬ್ರು ಬೇಕಲ್ರಿ."